ಬಳ್ಳಾರಿಯ ಭೂಕಂಪವೂ ಉಕ್ಕಿನ ಕಟ್ಟಡದ ಲೆಕ್ಕವೂ

ನಮ್ಮ ಬಳ್ಳಾರಿ ಸೀಮೆಯವರಿಗೆ ಬಿಸಿಲು ಗೊತ್ತು, ಬರ ಗೊತ್ತು. ಭೂಕಂಪವೆಂದರೆ ಹಿಮಾಲಯದ ಕಡೆಯವರ ಪಾಡು ಎಂಬ ಭಾವನೆ. ಆದರೆ 1843ರ ಏಪ್ರಿಲ್ 1ರಂದು ಬಳ್ಳಾರಿಯ ನೆಲ ನಡುಗಿದ್ದು ಇತಿಹಾಸದಲ್ಲಿ ದಾಖಲಾಗಿದೆ (ಮೂರ್ಖರ ದಿನದ ಸುದ್ದಿಯಲ್ಲ!). ಅಂದು ನಮ್ಮಲ್ಲಿ ಭೂಕಂಪಮಾಪಕಗಳಿರಲಿಲ್ಲ. ಕಂಪನ ಅನುಭವಕ್ಕೆ ಬಂದ ಊರುಗಳ ವರದಿಗಳಿಂದಲೇ ವಿದ್ವಾಂಸರು ಅದರ ಪ್ರಮಾಣವನ್ನು ಸುಮಾರು 5 ಎಂದು ಅಂದಾಜಿಸಿದ್ದಾರೆ.

ಕಟ್ಟಡಗಳು ಭೂಕಂಪವನ್ನು ತಾಳಿಕೊಳ್ಳಲು ಎಷ್ಟು ಬಲವಿರಬೇಕೆಂದು ವಿಧಿಸುವ ಭಾರತೀಯ ಸಂಹಿತೆ ಐ.ಎಸ್. 1893 ಮೊದಲು ಪ್ರಕಟವಾದದ್ದು 1962ರಲ್ಲಿ. 1893 ಎಂಬುದು ಇಸವಿಯಲ್ಲ, ಸಂಹಿತೆಯ ಕ್ರಮಸಂಖ್ಯೆ. ಅದು ದೇಶವನ್ನು ವಲಯಗಳಾಗಿ ವಿಂಗಡಿಸಿತು. 1967ರ ಡಿಸೆಂಬರ್ 11ರ ಕೊಯ್ನಾ ಭೂಕಂಪ, ದಖ್ಖನಿನ ನೆಲ ಗಟ್ಟಿಯೆಂಬ ನಂಬಿಕೆಯನ್ನು ಅಲುಗಿಸಿತು. 1993ರ ಸೆಪ್ಟೆಂಬರ್ 30ರಂದು ಲಾತೂರಿನ ಕಿಲ್ಲಾರಿಯಲ್ಲಿ ಸಾವಿರಾರು ಜನ ಸತ್ತಾಗ ಆ ಪ್ರದೇಶ ನಕ್ಷೆಯಲ್ಲಿ ಅತ್ಯಂತ ಸೌಮ್ಯವಾದ ಒಂದನೆಯ ವಲಯದಲ್ಲಿತ್ತು! 2002ರ ಪರಿಷ್ಕರಣೆಯಲ್ಲಿ ಆ ವಲಯವನ್ನೇ ಕೈಬಿಟ್ಟು ಎರಡನೆಯದರಲ್ಲಿ ಸೇರಿಸಲಾಯಿತು. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳು ಆ ನಕ್ಷೆಯಲ್ಲಿ ಎರಡನೆಯ ವಲಯದಲ್ಲಿದ್ದವು.

ಆ ಸಂಹಿತೆಯ ಲೆಕ್ಕವನ್ನು ತರಗತಿಯಲ್ಲಿ ಹೇಳುವಂತೆ ಹೇಳುತ್ತೇನೆ. ಉಕ್ಕಿನ ಚೌಕಟ್ಟಿನ ಕಟ್ಟಡವೊಂದರ ತೂಕ 1000 ಟನ್ ಎನ್ನೋಣ. ಎರಡನೆಯ ವಲಯದ ಗುಣಾಂಕ 0.10, ವಿನ್ಯಾಸಕ್ಕೆ ಅದರ ಅರ್ಧ, ಅಂದರೆ 50 ಟನ್. ಗಿಡ್ಡ ಕಟ್ಟಡ ನೆಲಕ್ಕಿಂತ ಹೆಚ್ಚು ತೊನೆಯುವುದರಿಂದ 2.5ರಿಂದ ಗುಣಿಸಬೇಕು: 125 ಟನ್. ಉತ್ತಮವಾಗಿ ಬೆಸೆದ ಉಕ್ಕು ಮುರಿಯದೆ ಬಾಗುತ್ತದೆ. ಆ ಗುಣಕ್ಕೆ ಮನ್ನಣೆಯಾಗಿ 5ರಿಂದ ಭಾಗಿಸಿದರೆ 25 ಟನ್. ಇಷ್ಟು ಬಲ ಅಡ್ಡಡ್ಡಲಾಗಿ ತಳ್ಳಿದರೂ ಕಟ್ಟಡ ನಿಲ್ಲಬೇಕು. ಅದೇ ಕಟ್ಟಡ ಶಾಲೆಯಾದರೆ ಒಂದೂವರೆ ಪಟ್ಟು, 37.5 ಟನ್. ಮೇಷ್ಟ್ರಾದ ನನಗೆ ಈ ಒಂದೂವರೆ ಬಹಳ ಪ್ರಿಯವಾದ ಸಂಖ್ಯೆ.

ಎತ್ತರದ ಕಟ್ಟಡಗಳಿಗೆ ನೆಲದ ಗುಣವೂ ಮುಖ್ಯ. ಸುಮಾರು 27 ಮೀಟರ್ ಎತ್ತರದ ಉಕ್ಕಿನ ಚೌಕಟ್ಟು ಒಮ್ಮೆ ತೂಗಲು ಒಂದು ಸೆಕೆಂಡು ಬೇಕು. ಕುರುಗೋಡಿನ ಬೆಟ್ಟದಂಥ ಬಂಡೆಯ ಮೇಲೆ ಅದಕ್ಕೆ ಗುಣಕ 1. ಸಿರುಗುಪ್ಪದ ಎರೆಮಣ್ಣನ್ನು ಮೆದುನೆಲವೆಂದು ಪರಿಗಣಿಸಿದರೆ 1.67.

ಈ ಲೆಕ್ಕವೆಲ್ಲ ಹೊಸ ಕಟ್ಟಡಗಳಿಗಾಯಿತು. ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಕೆಸರಿನಲ್ಲಿ ಕಟ್ಟಿದ ಕಲ್ಲುಗೋಡೆ ಮತ್ತು ಅದರ ಮೇಲಿನ ಮಣ್ಣಿನ ಮಾಳಿಗೆ. ತೂಕ ಹೆಚ್ಚಿದಷ್ಟೂ ಭೂಕಂಪದ ಬಲ ಹೆಚ್ಚು. ನಮ್ಮ ಹಳ್ಳಿಗಳ ಹಳೆಯ ಮಾಳಿಗೆ ಮನೆಗಳೂ ಅದೇ ಜಾತಿಯವು. ಸೋರದಿರಲೆಂದು ಮಳೆಗಾಲಕ್ಕೆ ಮುನ್ನ ಅವುಗಳ ಮೇಲೆ ಇನ್ನೊಂದು ಪದರ ಮಣ್ಣು ಹಾಕುತ್ತೇವೆ.