ಉಕ್ಕಿದ ಹಾಲಿನ ಲೆಕ್ಕ

ಗೃಹಪ್ರವೇಶದ ದಿನ ಹಾಲು ಉಕ್ಕಿದರೆ ಶುಭವೆನ್ನುತ್ತಾರೆ. ಆ ಲೆಕ್ಕದಲ್ಲಿ ನಮ್ಮ ಮನೆಯಷ್ಟು ಶುಭ ಕಂಡ ಮನೆ ನಮ್ಮ ಊರಿನಲ್ಲೇ ಇರಲಿಕ್ಕಿಲ್ಲ. ಒಲೆಯ ಮುಂದೆಯೇ ನಿಂತಿರುತ್ತೇನೆ. ಬೀದಿಯಲ್ಲಿ ಹೂವಿನವಳ ದನಿ ಕೇಳುತ್ತದೆ. ನಿನ್ನೆಯ ಚಿಲ್ಲರೆ ಬಾಕಿಯಿದೆಯಲ್ಲ ಎಂದು ಪರ್ಸ್ ಹುಡುಕಲು ಹೋಗುತ್ತೇನೆ. ಪರ್ಸಿನ ಕೆಳಗೆ ಕರೆಂಟ್ ಬಿಲ್ಲು ಸಿಗುತ್ತದೆ. ಕಟ್ಟುವ ಕಡೆಯ ದಿನ ಮೊನ್ನೆಯೇ ಮುಗಿದಿರುತ್ತದೆ. ಅದನ್ನು ನೋಡುತ್ತ ನಿಂತಾಗಲೇ ಸೀದ ವಾಸನೆ! "ಇವಳಿಗೆ ಮೈಮೇಲೆ ಎಚ್ಚರವೇ ಇಲ್ಲ" ಎನ್ನುತ್ತಿದ್ದರು ಅತ್ತೆ. ತವರಿನಲ್ಲಿ ಅಮ್ಮನೂ ಅದನ್ನೇ ಹೇಳುತ್ತಿದ್ದಳಾದ್ದರಿಂದ ನಾನು ಎದುರಾಡಲಿಲ್ಲ. ಇಬ್ಬರು ತಾಯಂದಿರು ಹೇಳಿದ ಮೇಲೆ ಅದು ನಿಜವೇ ಇರಬೇಕಲ್ಲವೆ?

ಅದಕ್ಕೊಂದು ಹೆಸರಿದೆ ಎಂದು ನನಗೆ ತಿಳಿದದ್ದು 2017ರಲ್ಲಿ, ನನ್ನ 53ನೇ ವಯಸ್ಸಿನಲ್ಲಿ. ಎ.ಡಿ.ಎಚ್.ಡಿ. ಗಮನವನ್ನು ಬೇಕಾದಲ್ಲಿ ನಿಲ್ಲಿಸಲು, ಬೇಡವಾದಲ್ಲಿಂದ ಬಿಡಿಸಿಕೊಳ್ಳಲು ಆಗದಿರುವುದು. ಕೆಲವರಲ್ಲಿ ಕೈಕಾಲಿನ ಚಡಪಡಿಕೆ, ಕೆಲವರಲ್ಲಿ ಮನಸ್ಸಿನೊಳಗಿನ ಚಡಪಡಿಕೆ. ಹುಟ್ಟಿನಿಂದಲೇ ಮಿದುಳು ಬೆಳೆಯುವ ಬಗೆಗೆ ಸಂಬಂಧಿಸಿದ್ದು, ಎತ್ತರದ ಹಾಗೆ ವಂಶದಲ್ಲಿ ಹರಿಯುವಂಥದ್ದು. ಸೋಮಾರಿತನವಲ್ಲ, ಉಡಾಫೆಯೂ ಅಲ್ಲ. ಹೆಸರು ಸಿಕ್ಕ ಮೇಲೆ ನನಗೊಂದು ಪ್ರಶ್ನೆ ಹುಟ್ಟಿತು. ಇಷ್ಟು ವರ್ಷ ಈ ಹೆಸರು ಎಲ್ಲಿತ್ತು? ಯಾರ ಮನೆಯಲ್ಲಿತ್ತು? ಹುಡುಕುತ್ತ ಹೋದೆ.

1798ರಷ್ಟು ಹಿಂದೆಯೇ ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್ ಮನೋವ್ಯಾಧಿಗಳ ಬಗ್ಗೆ ಬರೆದ ಗ್ರಂಥದಲ್ಲಿ ಗಮನ ನಿಲ್ಲದವರಿಗಾಗಿಯೇ ಒಂದು ಅಧ್ಯಾಯ ಇಟ್ಟಿದ್ದ. 1840ರ ದಶಕದಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ವೈದ್ಯ ಹೈನ್‌ರಿಕ್ ಹಾಫ್‌ಮನ್ ತನ್ನ ಪುಟ್ಟ ಮಗನಿಗೆಂದು ಚಿತ್ರದ ಪದ್ಯಪುಸ್ತಕ ಬರೆದ. ಮುಂದೆ ಅದರಲ್ಲಿ ಊಟದ ಮೇಜಿನ ಮುಂದೆ ಕೂತಲ್ಲಿ ಕೂರದೆ ಮೇಜುಬಟ್ಟೆಯ ಸಮೇತ ಎಲ್ಲವನ್ನೂ ಕೆಡವುವ ಫಿಲಿಪ್ ಬಂದ. ಆಕಾಶ ನೋಡುತ್ತ ನಡೆದು ನೀರಿಗೆ ಬೀಳುವ ಹಾನ್ಸ್ ಬಂದ. ಇಬ್ಬರೂ ಹುಡುಗರು. ಅದೇ ಪುಸ್ತಕದಲ್ಲಿ ಒಬ್ಬ ಹುಡುಗಿಯೂ ಇದ್ದಾಳೆ. ಅವಳು ಬೆಂಕಿಕಡ್ಡಿಯೊಡನೆ ಆಡಿ ಸುಟ್ಟು ಬೂದಿಯಾಗುತ್ತಾಳೆ. ಹುಡುಗರು ಎಡವಿ ಬಿದ್ದರೆ ನಗು, ಹುಡುಗಿ ಎಡವಿದರೆ ಬೂದಿ!

1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್, ಬುದ್ಧಿ ಚೆನ್ನಾಗಿದ್ದೂ ತಮ್ಮನ್ನು ತಾವು ಹಿಡಿದಿಟ್ಟುಕೊಳ್ಳಲಾರದ 20 ಮಕ್ಕಳ ವಿವರವನ್ನು ವೈದ್ಯರ ಸಭೆಯ ಮುಂದಿಟ್ಟರು. 15 ಹುಡುಗರು, 5 ಹುಡುಗಿಯರು. ಹುಡುಗರು ಹೆಚ್ಚಿರುವುದು ಆಕಸ್ಮಿಕವಲ್ಲವೆಂದೇ ಅವರಿಗೆ ತೋರಿತು. ಮೌನವಾಗಿ ಕಿಟಕಿಯಾಚೆ ನೋಡುತ್ತ ಕುಳಿತ ಹುಡುಗಿಯನ್ನು ಯಾವ ತಾಯಿ ತಾನೆ ಆಸ್ಪತ್ರೆಗೆ ಕರೆತಂದಾಳು?

ಔಷಧದ ಕತೆ ಇನ್ನೂ ವಿಚಿತ್ರ. ಅಮೆರಿಕದ ರೋಡ್ ಐಲೆಂಡಿನಲ್ಲಿ ಎಮ್ಮಾ ಎಂಬ ಹುಡುಗಿಗೆ 7ನೇ ವಯಸ್ಸಿನಲ್ಲಿ ಮಿದುಳಿನ ಉರಿಯೂತವಾಯಿತು. ತಂದೆತಾಯಿ ತಮ್ಮ ಆಸ್ತಿಯನ್ನು ಅಂಥ ಮಕ್ಕಳ ಆಸ್ಪತ್ರೆಗಾಗಿ ಬಿಟ್ಟುಹೋದರು. 1931ರಲ್ಲಿ ತೆರೆದ ಆ ಆಸ್ಪತ್ರೆಗೆ ಮಗಳ ಹೆಸರೇ ಬಂತು. ಅಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯ, ಉತ್ತೇಜಕ ಔಷಧ ಕೊಟ್ಟ 30 ಮಕ್ಕಳಲ್ಲಿ ಹಲವರು ಶಾಂತರಾಗಿ ಪಾಠ ಕಲಿತದ್ದನ್ನು ಕಂಡು 1937ರಲ್ಲಿ ವರದಿ ಬರೆದರು. 1944ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞ ಲಿಯಾಂಡ್ರೊ ಪನಿಜ್ಜೋನ್ ಮಿಥೈಲ್‌ಫೆನಿಡೇಟ್ ತಯಾರಿಸಿದ. ಅವನ ಹೆಂಡತಿ ರೀಟಾ ಟೆನಿಸ್ ಆಡುವ ಮುಂಚೆ ಅದನ್ನು ಸೇವಿಸುತ್ತಿದ್ದಳಂತೆ. ಅವಳ ಹೆಸರಿನಿಂದಲೇ ಅದು ರಿಟಾಲಿನ್ ಆಯಿತು. ಆಸ್ಪತ್ರೆಗೆ ಹೆಣ್ಣಿನ ಹೆಸರು, ಮಾತ್ರೆಗೂ ಹೆಣ್ಣಿನ ಹೆಸರು. ಆದರೆ ಮುಂದೆ ದಶಕಗಳ ಕಾಲ ಆ ಮಾತ್ರೆ ಹೆಚ್ಚಾಗಿ ತಲುಪಿದ್ದು ಹುಡುಗರನ್ನು.

1968ರ ಅಮೆರಿಕದ ಮನೋವೈದ್ಯರ ಕೈಪಿಡಿ ಇದನ್ನು ಬಾಲ್ಯದ ಅತಿಚಟುವಟಿಕೆ ಎಂದಷ್ಟೇ ಕರೆಯಿತು. ಹರೆಯ ಬಂದರೆ ಕಡಿಮೆಯಾಗುತ್ತದೆ ಎಂದಿತು. ಅಂದರೆ ಓಡಾಡದ ಮಗುವಿಗೆ ಅಲ್ಲಿ ಜಾಗವಿಲ್ಲ, ದೊಡ್ಡವರಿಗಂತೂ ಇಲ್ಲವೇ ಇಲ್ಲ. ಕೆನಡಾದ ಮನಶ್ಶಾಸ್ತ್ರಜ್ಞೆ ವರ್ಜೀನಿಯಾ ಡಗ್ಲಸ್ 1972ರಲ್ಲಿ, ಓಡಾಟಕ್ಕಿಂತ ಗಮನದ ಕಷ್ಟವೇ ಮುಖ್ಯವೆಂದು ತೋರಿಸಿಕೊಟ್ಟರು. 1980ರಲ್ಲಿ ಕೈಪಿಡಿಯೇ ಹೆಸರು ಬದಲಿಸಿ, ಅತಿಚಟುವಟಿಕೆಯಿಲ್ಲದೆಯೂ ಇದು ಇರಬಹುದೆಂದು ಒಪ್ಪಿತು. ಹುಡುಗಿಯರ ಕುರಿತೇ ಚರ್ಚಿಸಲು ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ ಸಭೆ ಕರೆದದ್ದು 1994ರಲ್ಲಿ. ಮರುವರ್ಷ ಸಾರಿ ಸೋಲ್ಡನ್ ಎಂಬಾಕೆ ಹೆಂಗಸರ ಎ.ಡಿ.ಡಿ. ಬಗ್ಗೆಯೇ ಪುಸ್ತಕ ಬರೆದರು.

ಆ ಪುಸ್ತಕ ಬಂದ ಮೂರು ವರ್ಷಕ್ಕೆ, 1998ರಲ್ಲಿ, ನಾನು ನನ್ನ ಮಗನನ್ನು ಬೆಂಗಳೂರಿಗೆ ಕರೆದುಕೊಂಡು ಹೋದೆ. ಅವನಿಗೆ 8 ವರ್ಷ. ತರಗತಿಯಲ್ಲಿ ಕೂರುವುದಿಲ್ಲ, ಪಕ್ಕದವನಿಗೆ ಹೊಡೆಯುತ್ತಾನೆ ಎಂದು ಶಾಲೆಯಿಂದ ಚೀಟಿಯ ಮೇಲೆ ಚೀಟಿ. ಡಾಕ್ಟರು ಸಮಾಧಾನವಾಗಿ ನೋಡಿದರು, ಹೆಸರು ಹೇಳಿದರು, ದಾರಿ ತೋರಿಸಿದರು. ಮನೆಯಲ್ಲಿ ಬಿಟ್ಟುಹೋಗಲು ಯಾರೂ ಇಲ್ಲವೆಂದು 10 ವರ್ಷದ ಮಗಳನ್ನೂ ಜೊತೆಗೆ ಕರೆದೊಯ್ದಿದ್ದೆ. ಅವಳು ಹೊರಗಿನ ಬೆಂಚಿನ ಮೇಲೆ ಫ್ಯಾನು ನೋಡುತ್ತ ಕೂತಿದ್ದಳು. ಬರುವಾಗ ತನ್ನ ಛತ್ರಿಯನ್ನು ಅಲ್ಲೇ ಮರೆತು ಬಂದಳು. ಆ ವರ್ಷದ ಮೂರನೆಯ ಛತ್ರಿ ಅದು. ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೆದುರು ಅವಳ ಕೆನ್ನೆಗೆ ಹೊಡೆದೆ.

ಮಗನ ತಪ್ಪಿಗೆ ಕಾರಣ ಸಿಕ್ಕಿದ ದಿನವೇ ಮಗಳ ತಪ್ಪಿಗೆ ಏಟು ಸಿಕ್ಕಿತು. ಎರಡನ್ನೂ ಕೊಟ್ಟವಳು ನಾನೇ.

ಅವಳು ಓದಿದಳು, ರಾತ್ರಿ ಪೂರ್ತಿ ಎದ್ದು ಕೂತು ಓದಿದಳು. ಉಳಿದವರು ಒಂದು ಗಂಟೆಯಲ್ಲಿ ಮುಗಿಸುವುದಕ್ಕೆ ಮೂರು ಗಂಟೆ ತೆತ್ತಳು. ಎರಡು ಕೆಲಸ ಬಿಟ್ಟಳು. "ನಾನು ದಡ್ಡಿ ಅಮ್ಮ" ಎಂದು ಫೋನಿನಲ್ಲಿ ಅಳುತ್ತಿದ್ದಳು. ಹೆಣ್ಣುಮಕ್ಕಳು ಕೊರತೆಯನ್ನು ಮುಚ್ಚಿಡಲು ಎಷ್ಟು ದುಡಿಯುತ್ತಾರೆ, ಆ ದುಡಿತದಿಂದ ಹೇಗೆ ಕುಸಿಯುತ್ತಾರೆ ಎಂಬುದನ್ನು ಈಗ ಅಧ್ಯಯನಗಳು ಹೇಳುತ್ತವೆ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಸ್ಟೀಫನ್ ಹಿನ್‌ಷಾ ಎ.ಡಿ.ಎಚ್.ಡಿ. ಇರುವ 140 ಹುಡುಗಿಯರನ್ನು ಬಾಲ್ಯದಿಂದ ದೊಡ್ಡವರಾಗುವವರೆಗೆ ಗಮನಿಸಿದರು. ಅಂಥವರಲ್ಲಿ ತಮಗೆ ತಾವೇ ಗಾಯ ಮಾಡಿಕೊಳ್ಳುವುದು ಉಳಿದವರಿಗಿಂತ ಬಹಳ ಹೆಚ್ಚೆಂದು 2012ರಲ್ಲಿ ಪ್ರಕಟವಾಯಿತು. ಅದನ್ನು ಓದಿದ ರಾತ್ರಿ ನಾನು ನಿದ್ದೆ ಮಾಡಲಿಲ್ಲ. 2013ರಲ್ಲಿ ಕೈಪಿಡಿ ಮತ್ತೆ ಬದಲಾಯಿತು. ಲಕ್ಷಣಗಳು 7 ವರ್ಷದೊಳಗೇ ಕಾಣಬೇಕೆಂದಿದ್ದುದು 12 ವರ್ಷವಾಯಿತು, ದೊಡ್ಡವರಿಗೆಂದು ನಿಯಮ ಸಡಿಲಾಯಿತು. ತಡವಾಗಿ ಕಾಣುವ ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು.

ಆ ಬಾಗಿಲಿನಿಂದ ನನ್ನ ಮಗಳು ಒಳಗೆ ಹೋದದ್ದು 2016ರಲ್ಲಿ, 28ನೇ ವಯಸ್ಸಿಗೆ. ಬಾಲ್ಯದ ದಾಖಲೆ ಬೇಕೆಂದು ಡಾಕ್ಟರು ಕೇಳಿದರಂತೆ. ಟ್ರಂಕಿನಿಂದ ಅವಳ ಪ್ರೋಗ್ರೆಸ್ ಕಾರ್ಡುಗಳನ್ನು ತೆಗೆದೆ. ವರ್ಷ ವರ್ಷವೂ ಒಂದೇ ಮಾತು: "ಜಾಣೆ, ಆದರೆ ಗಮನ ಸಾಲದು." ಅದೇ ಟ್ರಂಕಿನ ತಳದಲ್ಲಿ ನನ್ನವೂ ಇದ್ದವು. ಶಾಯಿ ಮಾಸಿತ್ತು, ಮಾತು ಮಾತ್ರ ಅದೇ. ಮರುವರ್ಷ ಅವಳೇ ನನ್ನನ್ನು ಕರೆದುಕೊಂಡು ಹೋದಳು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕೇಳಿದಳು, "ಅಮ್ಮ, ತಮ್ಮನ್ನ ತೋರಿಸೋಕೆ ಹೋದಾಗ ನಾನೂ ಅಲ್ಲೇ ಕೂತಿದ್ದೆನಲ್ಲ?"

"ಹೌದು ಕಣೇ" ಎಂದೆ. ಛತ್ರಿಯ ವಿಷಯ ಅವಳೂ ಎತ್ತಲಿಲ್ಲ. ನಾನೇ ಎತ್ತಿದೆ. ತಪ್ಪಾಯಿತು ಎಂದೆ. ಅವಳು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ, ಆಮೇಲೆ ನನ್ನ ಕೈ ಹಿಡಿದುಕೊಂಡಳು.

ಈಗ ಅವಳು ಕೊಡಿಸಿದ ಸೀಟಿ ಹೊಡೆಯುವ ಹಾಲಿನ ಕುಕ್ಕರ್ ಇದೆ. ಬೀಗದ ಕೈಗೆ ಬಾಗಿಲ ಪಕ್ಕದಲ್ಲೇ ಮೊಳೆ, ಬಿಲ್ಲಿಗೆ ಕ್ಯಾಲೆಂಡರಿನಲ್ಲಿ ಕೆಂಪು ಗುರುತು. ಮಾತ್ರೆಯೂ ಇದೆ, ಡಾಕ್ಟರು ಹೇಳಿದಷ್ಟು. ಆದರೂ ಒಂದೊಂದು ದಿನ ಸೀದ ವಾಸನೆ ಬರುತ್ತದೆ. ಒಲೆ ಒರೆಸುತ್ತೇನೆ, ಅಷ್ಟೆ.

ನಿಮ್ಮ ಮನೆಯಲ್ಲೂ ಛತ್ರಿ ಕಳೆದು ಬರುವ ಹುಡುಗಿಯೊಬ್ಬಳು ಇರಬಹುದು. ಪ್ರತಿ ಮರೆವೂ ಎ.ಡಿ.ಎಚ್.ಡಿ. ಅಲ್ಲ, ಅದನ್ನು ತಿಳಿದವರೇ ನೋಡಿ ಹೇಳಬೇಕು. ಆದರೆ ಕೈ ಎತ್ತುವ ಮೊದಲು ಅವಳ ಪ್ರೋಗ್ರೆಸ್ ಕಾರ್ಡನ್ನು ಒಮ್ಮೆ ಓದಿ. ಸಾಧ್ಯವಾದರೆ ನಿಮ್ಮದನ್ನೂ.