ದವಡೆಗೆ ಹಾಕುವುದು ಯಾರ ಮೂಳೆ?

"ಹಲ್ಲು ಕೀಳಿಸಿ ಬಹಳ ದಿನವಾಗಿದೆ, ಮೂಳೆ ಕರಗಿದೆ. ಇಂಪ್ಲಾಂಟ್ ಹಾಕಬೇಕಾದರೆ ಮೊದಲು ಮೂಳೆ ತುಂಬಬೇಕು." ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಕಡೆಯಿಂದ ದಂತವೈದ್ಯರ ಹತ್ತಿರ ಹೋದವರು ಈ ಮಾತು ಕೇಳಿರಬಹುದು. ಹಲ್ಲು ಹೋದ ಜಾಗದ ಮೂಳೆಗೆ ಕೆಲಸವಿಲ್ಲ, ಹಾಗಾಗಿ ಸವೆಯುತ್ತದೆ. ಮೊದಲ ವರ್ಷದಲ್ಲೇ ಸವೆತ ಹೆಚ್ಚು. ಸರಿ, ತುಂಬುವ ಆ ಮೂಳೆ ಎಲ್ಲಿಂದ ಬರುತ್ತದೆ?

ಇದು ಹಳೆಯ ಪ್ರಶ್ನೆ. ಹಾಲೆಂಡಿನ ಶಸ್ತ್ರವೈದ್ಯ ಯೋಬ್ ವಾನ್ ಮೇಕೆರೆನ್ ಬರೆದ, 1668ರಲ್ಲಿ ಅಚ್ಚಾದ ಪುಸ್ತಕದಲ್ಲಿ ಒಂದು ಘಟನೆಯಿದೆ. ತಲೆಬುರುಡೆ ಒಡೆದಿದ್ದ ರಷ್ಯಾದ ಒಬ್ಬನಿಗೆ ನಾಯಿಯ ಮೂಳೆ ಕೂರಿಸಿದರು. ಗಾಯ ವಾಸಿಯಾಯಿತು. ಆದರೆ ಮೈಯಲ್ಲಿ ನಾಯಿ ಮೂಳೆ ಇದೆಯೆಂದು ಚರ್ಚು ಅವನನ್ನು ಹೊರಗಿಟ್ಟಿತು.

ಆಮೇಲೆ ನಾಲ್ಕು ದಾರಿಗಳು ಬೆಳೆದವು.

ಸ್ವಂತ ಮೂಳೆ: 1914-18ರ ಮಹಾಯುದ್ಧದಲ್ಲಿ ದವಡೆ ಒಡೆದ ಸೈನಿಕರಿಗೆ ಅವರದೇ ಸೊಂಟದ, ಮೊಣಕಾಲ ಕೆಳಗಿನ ಮೂಳೆ ತೆಗೆದು ಹಾಕಿದರು. ಇದರಲ್ಲಿ ಜೀವಕೋಶಗಳಿರುತ್ತವೆ, ಚೆನ್ನಾಗಿ ಕೂಡಿಕೊಳ್ಳುತ್ತದೆ. ಈಗ ಸಣ್ಣ ಜಾಗಕ್ಕೆ ಗಲ್ಲದಿಂದ ಅಥವಾ ದವಡೆಯ ಹಿಂಭಾಗದಿಂದ ತೆಗೆಯುತ್ತಾರೆ. ತೊಂದರೆ ಎಂದರೆ ಎರಡು ಗಾಯ, ಎರಡು ನೋವು.

ಬೇರೆಯವರ ಮೂಳೆ: 1880ರ ಸುಮಾರಿಗೆ ಸ್ಕಾಟ್ಲೆಂಡಿನ ವಿಲಿಯಂ ಮೆಕ್ಯೂವೆನ್, ಬೇರೆ ಮಕ್ಕಳ ಸೊಟ್ಟ ಕಾಲು ನೆಟ್ಟಗೆ ಮಾಡುವಾಗ ತೆಗೆದ ಚೂರುಗಳಿಂದ ಒಬ್ಬ ಹುಡುಗನ ತೋಳಿನ ಮೂಳೆ ಕಟ್ಟಿದರು. ಈಗ ದಾನದ ಮೂಳೆಯನ್ನು ಪರೀಕ್ಷಿಸಿ, ಸೋಂಕು ಇಲ್ಲದಂತೆ ಮಾಡಿ ಟಿಶ್ಯೂ ಬ್ಯಾಂಕ್‌ಗಳು ಕೊಡುತ್ತವೆ.

ಪ್ರಾಣಿಯ ಮೂಳೆ: ಹೆಚ್ಚಾಗಿ ದನದ್ದು, ಕೆಲವು ಹಂದಿಯದ್ದು. ಜೀವಾಂಶ ತೆಗೆದು ಖನಿಜದ ಪುಡಿ ಉಳಿಸಿಕೊಳ್ಳುತ್ತಾರೆ. ನಿಧಾನವಾಗಿ ಕರಗುವುದರಿಂದ ತುಂಬಿದ ಜಾಗ ಕುಗ್ಗದಂತೆ ಹಿಡಿದಿಡುತ್ತದೆ.

ಕೃತಕ ಪುಡಿ: 1892ರಲ್ಲಿ ಜರ್ಮನಿಯ ಡ್ರೀಸ್‌ಮನ್ ಮೂಳೆಯ ಗುಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬಿದ ವರದಿ ಬಂತು. ಈಗ ಕ್ಯಾಲ್ಸಿಯಂ ಫಾಸ್ಫೇಟ್ ಬಳಸುತ್ತಾರೆ. ಯಾವ ಜೀವಿಯ ಅಂಶವೂ ಇಲ್ಲ. ಆದರೆ ಇದು ತಾನಾಗಿ ಮೂಳೆಯಾಗದು, ನಮ್ಮ ಮೂಳೆ ಹಬ್ಬಲು ಚಪ್ಪರವಿದ್ದಂತೆ.

ಇಂಪ್ಲಾಂಟ್ ಬಂದದ್ದು ಇದರ ನಂತರ. ಸ್ವೀಡನ್ನಿನ ಬ್ರಾನೆಮಾರ್ಕ್ 1965ರಲ್ಲಿ ಮೊದಲ ಬಾರಿ ಮನುಷ್ಯರ ದವಡೆಗೆ ಟೈಟಾನಿಯಂ ಇಂಪ್ಲಾಂಟ್ ಕೂರಿಸಿದರು. ನಮ್ಮಲ್ಲಿ ಮಣಿಪಾಲದಲ್ಲಿ 1953ರಲ್ಲಿ, ಬೆಂಗಳೂರಿನಲ್ಲಿ 1958ರಲ್ಲಿ, ದಾವಣಗೆರೆಯಲ್ಲಿ 1979ರಲ್ಲಿ ದಂತ ಕಾಲೇಜುಗಳು ಶುರುವಾದವು. ಈಗ ಚಿತ್ರದುರ್ಗದಲ್ಲೇ ಎಸ್‌ಜೆಎಂ ದಂತ ಕಾಲೇಜಿದೆ. ಒಬ್ಬ ವೈದ್ಯರ ಮಾತು ಸಾಲದೆನಿಸಿದರೆ ಇಂಥ ಕಡೆ ಇನ್ನೊಮ್ಮೆ ತೋರಿಸಬಹುದು.

ನಮ್ಮ ಜಿಲ್ಲೆಯಲ್ಲಿ ಮಾಂಸ ಮುಟ್ಟದ ಮನೆಗಳು ಬಹಳ. ದನದ ಮೂಳೆ ಬೇಡ ಎನ್ನುವವರೂ ಇದ್ದಾರೆ, ಹಂದಿಯದ್ದು ಬೇಡ ಎನ್ನುವವರೂ ಇದ್ದಾರೆ. ಪುಡಿಯ ಮೇಲೆ ಮುಚ್ಚುವ ತೆಳು ಪೊರೆಯೂ ಪ್ರಾಣಿಯದ್ದಾಗಿರಬಹುದು. ಒಳಗೆ ಕೂಡಿಕೊಂಡ ಮೇಲೆ ತೆಗೆಸುವುದು ಸುಲಭವಲ್ಲ. ಆದ್ದರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಕೇಳಿ: ಇದು ಯಾವುದರ ಮೂಳೆ? ಪೊರೆ ಯಾವುದರದ್ದು? ನನಗೆ ಬೇರೆ ಯಾವುದು ಆಗುತ್ತದೆ, ಒಟ್ಟು ಖರ್ಚೆಷ್ಟು? ಮೂಳೆ ತುಂಬದೆ ಹಲ್ಲುಸೆಟ್ಟು ಅಥವಾ ಬ್ರಿಡ್ಜ್ ಸಾಕೇ? ಸಕ್ಕರೆ ಕಾಯಿಲೆ, ಬೀಡಿ ಚಟ ಇದ್ದರೆ ಮುಚ್ಚಿಡಬೇಡಿ. ಯಾವ ಮೂಳೆ ಹಾಕಿದರೂ ಕೂಡಿಕೊಳ್ಳುವುದು ಕಷ್ಟವಾಗುತ್ತದೆ.

ರಷ್ಯಾದ ಆ ಮನುಷ್ಯನ ಕಾಲದಲ್ಲಿ ಆರಿಸಿಕೊಳ್ಳಲು ಇಷ್ಟೆಲ್ಲ ದಾರಿ ಇರಲಿಲ್ಲ. ನಮಗಿದೆ. ಬಾಯಿ ನಮ್ಮದು, ಕೇಳುವ ಹಕ್ಕೂ ನಮ್ಮದೇ.