‘504 ಟೈಮ್‌ಔಟ್’ ಬಂದರೆ ಮೊಬೈಲ್‌ನ ಕ್ಯಾಶ್ ಅಳಿಸಬೇಕೇ?

“ಸೈಟ್ ತೆರೆಯುತ್ತಿಲ್ಲವೇ? ಮೊಬೈಲ್‌ನ ಕ್ಯಾಶ್ ಕ್ಲಿಯರ್ ಮಾಡಿ, ಬಿಡದೆ ರಿಫ್ರೆಶ್ ಒತ್ತುತ್ತಿರಿ.” ಪರೀಕ್ಷೆಯ ಫಲಿತಾಂಶ ಬರುವ ದಿನ, ಅರ್ಜಿ ಸಲ್ಲಿಸಲು ಕೊನೆಯ ದಿನ ಇಂಥ ಸಲಹೆಗಳು ಗ್ರೂಪ್‌ಗಳಲ್ಲಿ ಹರಿದಾಡುತ್ತವೆ. ಇದು ಎಷ್ಟು ನಿಜ? ನೋಡೋಣ.

ಕ್ಯಾಶ್ ಇರುವುದು ಎರಡು ಕಡೆ

ಇಲ್ಲಿ ಕ್ಯಾಶ್ ಎಂದರೆ ನಗದಲ್ಲ, ಪದೇ ಪದೇ ಬೇಕಾಗುವ ಮಾಹಿತಿಯ ತಾತ್ಕಾಲಿಕ ಸಂಗ್ರಹ. ಒಂದು ನಮ್ಮ ಮೊಬೈಲ್‌ನಲ್ಲಿದೆ. ಇನ್ನೊಂದು ವೆಬ್‌ಸೈಟ್‌ನವರ ಕ್ಯಾಶ್ ಸರ್ವರ್. ಮೆಮ್‌ಕ್ಯಾಶ್‌ಡಿ, ರೆಡಿಸ್ ಇದಕ್ಕೆ ಬಳಸುವ ತಂತ್ರಾಂಶಗಳು. ಅಡುಗೆಮನೆಯ ಡಬ್ಬಿಯಲ್ಲಿ ಬೇಳೆ ಇದ್ದರೆ ಉಗ್ರಾಣಕ್ಕೆ ಹೋಗಬೇಕಿಲ್ಲ. ಹಾಗೆಯೇ ಮಾಹಿತಿ ಕ್ಯಾಶ್ ಸರ್ವರ್‌ನಲ್ಲಿ ಸಿಕ್ಕರೆ ಸೈಟ್ ಮುಖ್ಯ ಡೇಟಾಬೇಸನ್ನು ಕೇಳಬೇಕಿಲ್ಲ.

ಟೈಮ್‌ಔಟ್ ಆಗುವುದೇಕೆ?

ಕ್ಯಾಶ್ ಸರ್ವರ್ ನಿಂತುಹೋಗಿರಬಹುದು, ಫೈರ್‌ವಾಲ್ ದಾರಿ ತಡೆದಿರಬಹುದು, ಸಂಪರ್ಕಗಳ ಮಿತಿ ಮುಗಿದಿರಬಹುದು. ನಿಗದಿತ ಸಮಯದಲ್ಲಿ ಉತ್ತರ ಬಾರದಿದ್ದರೆ ಸೈಟ್ ಕಾಯುವುದನ್ನು ಬಿಟ್ಟು ಡೇಟಾಬೇಸನ್ನೇ ಕೇಳಬಹುದು. ಎಲ್ಲರ ಬೇಡಿಕೆಯೂ ಒಟ್ಟಿಗೆ ಅಲ್ಲಿಗೆ ನುಗ್ಗಿದರೆ ಅದೂ ಕುಸಿಯುತ್ತದೆ. 504 ಎಂದರೆ ಮಧ್ಯದ ಸರ್ವರ್‌ಗೆ ಅದರ ಹಿಂದಿನ ಸರ್ವರ್ ಸಕಾಲಕ್ಕೆ ಉತ್ತರಿಸಲಿಲ್ಲ ಎಂದರ್ಥ. ತೊಂದರೆ ಇರುವುದು ಅಲ್ಲಿ, ನಮ್ಮ ಮೊಬೈಲ್‌ನಲ್ಲಲ್ಲ.

2010ರ ಸೆಪ್ಟೆಂಬರ್ 23ರಂದು ಫೇಸ್‌ಬುಕ್ ಸುಮಾರು ಎರಡೂವರೆ ಗಂಟೆ ಸ್ಥಗಿತಗೊಂಡಿತ್ತು. ಕ್ಯಾಶ್‌ನಲ್ಲಿದ್ದ ತಪ್ಪು ಮಾಹಿತಿಯನ್ನು ಸರಿಪಡಿಸಲು ಅದರದೇ ಕಂಪ್ಯೂಟರ್‌ಗಳು ಮತ್ತೆ ಮತ್ತೆ ಡೇಟಾಬೇಸನ್ನು ಕೇಳಿ ಅದನ್ನು ಉಸಿರುಗಟ್ಟಿಸಿದ್ದವು. ಕೊನೆಗೆ ಇಡೀ ಸೈಟನ್ನೇ ನಿಲ್ಲಿಸಿ, ಬಳಕೆದಾರರನ್ನು ನಿಧಾನವಾಗಿ ಒಳಬಿಡಬೇಕಾಯಿತು. ಬಿಡದೆ ಕೇಳುವುದರಿಂದ ಆಗುವ ತೊಂದರೆ ಇದೇ. ಸಾವಿರಾರು ಜನ ಒಟ್ಟಿಗೆ ರಿಫ್ರೆಶ್ ಒತ್ತಿದರೂ ಹೊರೆ ಹೆಚ್ಚುತ್ತದೆ.

ನಾವೇನು ಮಾಡಬೇಕು?

• ಬೇರೆ ಸೈಟ್ ತೆರೆದು ನೋಡಿ. ಅದು ತೆರೆದರೆ ನಿಮ್ಮ ಇಂಟರ್‌ನೆಟ್ ಸರಿಯಿದೆ.
• ಕೆಲವು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ.
• ಹಣ ಕಟ್ಟುವಾಗ ಟೈಮ್‌ಔಟ್ ಆದರೆ ತಕ್ಷಣ ಮತ್ತೆ ಕಟ್ಟಬೇಡಿ. ಸರ್ವರ್ ನಿಮ್ಮ ಪಾವತಿಯನ್ನು ಪಡೆದು, ಉತ್ತರ ಮಾತ್ರ ತಲುಪದೇ ಇರಬಹುದು. ಮೊದಲು ಬ್ಯಾಂಕ್ ಖಾತೆ ನೋಡಿ.
• ಫಾರ್ವರ್ಡ್‌ನಲ್ಲಿ ಬಂದ ‘ಕ್ಯಾಶ್ ಕ್ಲೀನರ್’ ಆ್ಯಪ್ ಹಾಕಿಕೊಳ್ಳಬೇಡಿ.
• ಕ್ಯಾಶ್ ಬದಲು ಆ್ಯಪ್‌ನ ‘ಡೇಟಾ’ ಅಳಿಸಿದರೆ ಲಾಗಿನ್ ಹೋಗುತ್ತದೆ, ಅರ್ಧ ತುಂಬಿದ ಅರ್ಜಿಯೂ ಹೋಗಬಹುದು.

ಹಾಗಾದರೆ ಮೊಬೈಲ್‌ನ ಕ್ಯಾಶ್ ಅಳಿಸುವುದು ವ್ಯರ್ಥವೇ? ಹಾಗೇನಿಲ್ಲ. ಪುಟ ಹಳೆಯದೇ ಕಾಣುತ್ತಿದ್ದರೆ ಅಥವಾ ಚೆಲ್ಲಾಪಿಲ್ಲಿಯಾಗಿದ್ದರೆ ಅದು ಉಪಯುಕ್ತ. ಆದರೆ 504ಕ್ಕೆ ಅದು ಮದ್ದಲ್ಲ. ಆ ರಿಪೇರಿ ಸೈಟ್‌ನವರೇ ಮಾಡಬೇಕು.